ಟಿ.ಸಿ. ಕೈಗೆ ಬಂದ ಮೇಲೆ: ಹೆಣ್ಣುಮಕ್ಕಳ ಓದು ಎಲ್ಲಿ ಕಡಿಯುತ್ತದೆ, ಅದನ್ನು ಉಳಿಸುವುದು ಹೇಗೆ

ಜೂನ್ ಮೊದಲ ವಾರ. ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಶಿಕ್ಷಕಿಯೊಬ್ಬರು ಎಂಟನೇ ತರಗತಿಗೆ ಸೇರಬೇಕಾದ ಮಕ್ಕಳ ಪಟ್ಟಿ ಹಿಡಿದು ಮನೆ ಮನೆಗೆ ಹೊರಟಿದ್ದಾಗ ನಾನೂ ಜೊತೆಗಿದ್ದೆ. ಒಂದು ಮನೆಯಲ್ಲಿ ತಾಯಿ ಗೋಡೆಯ ಗೂಡಿನಿಂದ ಪ್ಲಾಸ್ಟಿಕ್ ಚೀಲ ತೆಗೆದು, ಪಡಿತರ ಚೀಟಿ ಮತ್ತು ಆಧಾರ್ ಕಾರ್ಡುಗಳ ನಡುವಿನಿಂದ ನಾಲ್ಕಾಗಿ ಮಡಚಿದ ಹಾಳೆಯೊಂದನ್ನು ಬಿಡಿಸಿ ತೋರಿಸಿದರು. ಅದು ಮಗಳ ವರ್ಗಾವಣೆ ಪತ್ರ, ಅಂದರೆ ಎಲ್ಲರ ಬಾಯಲ್ಲಿ ಇರುವ ಟಿ.ಸಿ. “ಹಾಕ್ಬೇಕು ಅಂತ ಐತಿ ಮೇಡಂ, ಆದ್ರ ಬಸ್ಸಿಂದೇ ಚಿಂತಿ ಆಗೇತಿ” ಎಂದರು. ಬಾಗಿಲ ಮರೆಯಲ್ಲಿ ನಿಂತಿದ್ದ ಹುಡುಗಿ ಒಂದು ಮಾತೂ ಆಡಲಿಲ್ಲ. ಪಟ್ಟಿಯಲ್ಲಿ ತನ್ನ ಹೆಸರಿನ ಮುಂದೆ ಶಿಕ್ಷಕಿ ಏನು ಬರೆಯುತ್ತಾರೆ ಎಂಬುದನ್ನೇ ನೋಡುತ್ತಿದ್ದಳು.

ಆ ಮನೆಯವರು ಮಗಳ ಓದು ಬಿಡಿಸಿದ್ದೇವೆ ಎಂದು ಹೇಳಿರಲಿಲ್ಲ, ಹಾಗೆ ತೀರ್ಮಾನಿಸಿಯೂ ಇರಲಿಲ್ಲ. ಆದರೂ ಅವಳು ಒಂದು ಶಾಲೆಯಿಂದ ಹೊರಬಂದು ಇನ್ನೊಂದರ ಹಾಜರಿ ಪುಸ್ತಕ ಸೇರದೆ ನಡುವೆ ನಿಂತಿದ್ದಳು. ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಏಳನೇ ತರಗತಿ ಮುಗಿಸಿದ, ಎಸ್ಸೆಸ್ಸೆಲ್ಸಿ ಫಲಿತಾಂಶ ಕೈಗೆ ಬಂದ ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಪ್ರತಿ ವರ್ಷ ಇದೇ ಹೊತ್ತಿಗೆ “ಮುಂದೇನು?” ಎಂಬ ಪ್ರಶ್ನೆ ಏಳುತ್ತದೆ. ಕಾನೂನು ಏನು ಹೇಳುತ್ತದೆ, ಯಾವ ನೆರವು ಎಲ್ಲಿ ಸಿಗುತ್ತದೆ, ಓದು ಯಾವ ಹಂತದಲ್ಲಿ ಕಡಿಯುತ್ತದೆ ಎಂಬುದು ಗೊತ್ತಿದ್ದರೆ ಆ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದು ಸುಲಭವಾಗುತ್ತದೆ.

ದಾಖಲಾತಿ, ಹಾಜರಾತಿ, ಪೂರ್ಣಗೊಳಿಸುವಿಕೆ

ಮೊದಲು ಕೆಲವು ಪದಗಳ ಅರ್ಥ ತಿಳಿಯೋಣ. ದಾಖಲಾತಿ ಎಂದರೆ ಮಗುವಿನ ಹೆಸರು ಶಾಲೆಯ ಪುಸ್ತಕ ಸೇರುವುದು. ಹಾಜರಾತಿ ಎಂದರೆ ಹೆಸರು ಕೂಗಿದಾಗ ಮಗು ತರಗತಿಯಲ್ಲಿ ಇರುವುದು. ಪೂರ್ಣಗೊಳಿಸುವಿಕೆ ಎಂದರೆ ಒಂದು ಹಂತದ ಕೊನೆಯ ತರಗತಿಯನ್ನು ಮುಗಿಸಿ, ಪರೀಕ್ಷೆ ದಾಟಿ, ಪ್ರಮಾಣಪತ್ರ ಪಡೆಯುವುದು. ಈ ಮೂರನ್ನೂ ಒಂದೇ ಎಂದು ತಿಳಿಯುವುದರಿಂದ ಬಹಳ ಗೊಂದಲವಾಗುತ್ತದೆ.

ಭದ್ರಾ ನಾಲೆಯ ಅಚ್ಚುಕಟ್ಟಿನಲ್ಲಿ ಬೇಸಾಯ ಮಾಡುವವರಿಗೆ ಈ ವ್ಯತ್ಯಾಸ ತಟ್ಟನೆ ಅರ್ಥವಾಗುತ್ತದೆ. ಲಕ್ಕವಳ್ಳಿಯ ಅಣೆಕಟ್ಟಿನಿಂದ ಬಲದಂಡೆ ನಾಲೆಗೆ ಇಷ್ಟು ಕ್ಯೂಸೆಕ್ ನೀರು ಬಿಟ್ಟಿದ್ದೇವೆ ಎಂಬುದು ಒಂದು ಲೆಕ್ಕವಾದರೆ, ಹರಿಹರ ಮತ್ತು ದಾವಣಗೆರೆ ತಾಲ್ಲೂಕುಗಳ ಕೊನೆಭಾಗದ ಗದ್ದೆಗೆ ಎಷ್ಟು ನೀರು ತಲುಪಿತು ಎಂಬುದು ಬೇರೆಯೇ ಲೆಕ್ಕ. ಒಂದನೇ ತರಗತಿಯ ದಾಖಲಾತಿ ಅಣೆಕಟ್ಟಿನಿಂದ ಬಿಟ್ಟ ನೀರಿನಂತೆ. ಇಂದು ಹೆಣ್ಣುಮಕ್ಕಳ ದಾಖಲಾತಿ ಗಂಡುಮಕ್ಕಳಿಗೆ ಹೆಚ್ಚುಕಡಿಮೆ ಸಮನಾಗಿದೆ, ಅದು ಸಂತೋಷದ ವಿಷಯವೇ. ಆದರೆ ಕೊನೆಭಾಗಕ್ಕೆ ಎಷ್ಟು ಮಂದಿ ತಲುಪಿದರು ಎಂಬುದನ್ನು ದಾಖಲಾತಿಯ ಅಂಕಿ ಹೇಳುವುದಿಲ್ಲ.

ಹಿಂದಿನ ತಲೆಮಾರಿನಲ್ಲಿ ತಲುಪದೆ ಉಳಿದವರ ಗುರುತು 2011ರ ಜನಗಣತಿಯಲ್ಲಿದೆ. ಚಿತ್ರದುರ್ಗ ಜಿಲ್ಲೆಯಲ್ಲಿ ಗಂಡಸರ ಸಾಕ್ಷರತೆ ಸುಮಾರು ಶೇ 81 ಇದ್ದಾಗ ಹೆಂಗಸರದು ಸುಮಾರು ಶೇ 66 ಇತ್ತು. ದಾವಣಗೆರೆಯಲ್ಲಿ ಈ ಅಂಕಿಗಳು ಸುಮಾರು ಶೇ 82 ಮತ್ತು ಶೇ 69. ಇಂದು ಹೈಸ್ಕೂಲಿನ ಬಾಗಿಲಲ್ಲಿ ನಿಂತಿರುವ ಹುಡುಗಿಯರ ಅನೇಕ ತಾಯಂದಿರು ಆ ಗಣತಿಯ ಹೊತ್ತಿಗೆ ಪ್ರಾಯದವರಾಗಿದ್ದರು.

ಇನ್ನೊಂದು ಪದ ‘ಶಾಲೆಯಿಂದ ಹೊರಗುಳಿದ ಮಗು’. ಟಿ.ಸಿ. ಪಡೆದು ಹೋದ ಮಗುವನ್ನು ಮಾತ್ರ ಹಾಗೆ ಕರೆಯುತ್ತಾರೆ ಎಂದು ಬಹಳ ಜನ ಭಾವಿಸಿದ್ದಾರೆ. ಕರ್ನಾಟಕದ ಹೈಕೋರ್ಟ್ 2013ರಲ್ಲಿ ಈ ವಿಷಯವನ್ನು ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡ ನಂತರ, ತಿಳಿಸದೆ ಸತತ ಏಳು ದಿನ ಗೈರುಹಾಜರಾದ ಮಗುವನ್ನೂ ಹೊರಗುಳಿದ ಮಗು ಎಂದೇ ಎಣಿಸಬೇಕೆಂಬ ಕ್ರಮ ಬಂದಿತು. ಏಳೇ ದಿನ ಸಾಕೇ ಎಂದು ಕೆಲವರಿಗೆ ಅನ್ನಿಸಬಹುದು. ಮೊಳಕಾಲ್ಮುರಿನ ರೇಷ್ಮೆ ಸೀರೆಯ ಮಗ್ಗದ ಮುಂದೆ ಅರ್ಧ ಗಂಟೆ ಕುಳಿತವರಿಗೆ ಇದರ ಕಾರಣ ಹೊಳೆಯುತ್ತದೆ. ಹಾಸಿನ ಒಂದು ಎಳೆ ಕಡಿದ ಕೂಡಲೇ ನೇಕಾರರು ಕೈ ನಿಲ್ಲಿಸಿ ಗಂಟು ಹಾಕುತ್ತಾರೆ, ಸೀರೆಯಲ್ಲಿ ಅದರ ಗುರುತೂ ಉಳಿಯುವುದಿಲ್ಲ. ಗಮನಿಸದೆ ಒಂದು ಗೇಣು ನೇಯ್ದುಬಿಟ್ಟರೆ ಆ ದೋಷ ಬಟ್ಟೆಯಲ್ಲೇ ಉಳಿದುಬಿಡುತ್ತದೆ. ಎಂಟನೆಯ ದಿನ ಮನೆಗೆ ಹೋಗಿ ಕರೆದರೆ ಬರುವ ಹುಡುಗಿ ಮೂರು ತಿಂಗಳ ನಂತರ ಕರೆದರೆ ಬರಲು ಹಿಂಜರಿಯುತ್ತಾಳೆ. ಅಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತದೆ, ಗೆಳತಿಯರ ಗುಂಪು ಬದಲಾಗಿರುತ್ತದೆ, ಮನೆಯ ಕೆಲಸದಲ್ಲಿ ಅವಳಿಗೊಂದು ಸ್ಥಾನ ನಿಗದಿಯಾಗಿರುತ್ತದೆ.

ಒಂದು ಶಾಲೆ ಮುಗಿದು ಇನ್ನೊಂದು ಶುರುವಾಗುವ ಜಾಗ

ಹೊಲದಲ್ಲಿ ಪೈಪು ಎಳೆದವರೆಲ್ಲ ಕಂಡಿರುವಂತೆ, ಪೈಪು ಹೆಚ್ಚಾಗಿ ಸೋರುವುದು ಜಾಯಿಂಟಿನಲ್ಲಿ. ನಮ್ಮ ಶಾಲಾ ವ್ಯವಸ್ಥೆಗೂ ಅಂಥ ಜಾಯಿಂಟುಗಳಿವೆ. ಕಿರಿಯ ಪ್ರಾಥಮಿಕ ಶಾಲೆ ಐದನೇ ತರಗತಿಗೆ ಮುಗಿಯುತ್ತದೆ. ಹಿರಿಯ ಪ್ರಾಥಮಿಕ ಶಾಲೆ ಹಲವು ಹಳ್ಳಿಗಳಲ್ಲಿ ಏಳಕ್ಕೆ, ಕೆಲವೆಡೆ ಎಂಟಕ್ಕೆ ನಿಲ್ಲುತ್ತದೆ. ಪ್ರೌಢಶಾಲೆ ಎಂಟರಿಂದ ಹತ್ತರವರೆಗೆ. ಅದರ ಮೇಲೆ ಎರಡು ವರ್ಷದ ಪಿ.ಯು. ಸಾಮಾನ್ಯವಾಗಿ ಹೋಬಳಿ ಅಥವಾ ತಾಲ್ಲೂಕು ಕೇಂದ್ರದಲ್ಲಿರುತ್ತದೆ.

ಪ್ರತಿ ಜಾಯಿಂಟಿನಲ್ಲೂ ನಾಲ್ಕು ಸಂಗತಿಗಳು ಒಟ್ಟಿಗೇ ಬದಲಾಗುತ್ತವೆ: ದೂರ ಹೆಚ್ಚುತ್ತದೆ, ಖರ್ಚು ಹೆಚ್ಚುತ್ತದೆ, ಪರಿಚಯದ ಶಿಕ್ಷಕರು ಹಿಂದೆ ಉಳಿಯುತ್ತಾರೆ, ಮತ್ತು ಹುಡುಗಿಯ ವಯಸ್ಸು ಮನೆಯವರ ಆತಂಕ ಹೆಚ್ಚುವ ಘಟ್ಟ ತಲುಪುತ್ತದೆ. ಕಡ್ಡಾಯ ಶಿಕ್ಷಣದ ನಿಯಮಗಳ ಪ್ರಕಾರ ಕಿರಿಯ ಪ್ರಾಥಮಿಕ ಶಾಲೆ ಒಂದು ಕಿಲೋಮೀಟರ್ ಒಳಗೆ, ಹಿರಿಯ ಪ್ರಾಥಮಿಕ ಮೂರು ಕಿಲೋಮೀಟರ್ ಒಳಗೆ ಇರಬೇಕು. ಪ್ರೌಢಶಾಲೆ ಐದು ಕಿಲೋಮೀಟರ್ ಒಳಗೆ ಇರಬೇಕೆಂಬ ಗುರಿಯನ್ನು 2009ರಲ್ಲಿ ಶುರುವಾದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನ ಇಟ್ಟುಕೊಂಡಿತ್ತು. ನಕಾಶೆಯ ಮೇಲೆ ಐದು ಕಿಲೋಮೀಟರ್ ಸಣ್ಣ ದೂರ. ಚಳ್ಳಕೆರೆಯ ಶೇಂಗಾ ಹೊಲಗಳ ನಡುವೆ, ನೆರಳಿಲ್ಲದ ದಾರಿಯಲ್ಲಿ, ಸಂಜೆ ಐದರ ಮೇಲೆ ಒಂಟಿಯಾಗಿ ನಡೆದು ಬರಬೇಕಾದ ಹದಿಮೂರರ ಹುಡುಗಿಗೆ ಅದು ಸಣ್ಣ ದೂರವಲ್ಲ.

ಈ ಕಾರಣದಿಂದಲೇ ಹಲವು ತರಗತಿಗಳು ಒಂದೇ ಆವರಣದಲ್ಲಿರುವ ಶಾಲೆಗಳಿಗೆ ವಿಶೇಷ ಮಹತ್ವವಿದೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಲ್ಲಿ ಆರರಿಂದ ಹತ್ತರವರೆಗೆ ಒಂದೇ ಕಡೆ ಓದಬಹುದಾದ್ದರಿಂದ ಏಳು–ಎಂಟರ ನಡುವಿನ ಜಾಯಿಂಟೇ ಇಲ್ಲವಾಗುತ್ತದೆ. ಇವುಗಳ ಪ್ರವೇಶ ಪರೀಕ್ಷೆಯನ್ನು ಮಗು ಐದನೇ ತರಗತಿಯಲ್ಲಿರುವಾಗಲೇ ಬರೆಯಬೇಕು. ಏಳು ಮುಗಿದ ಮೇಲೆ ವಿಚಾರಿಸಲು ಹೋಗಿ ನಿರಾಶರಾಗುವ ಪೋಷಕರನ್ನು ನಾನು ಬಹಳ ಕಂಡಿದ್ದೇನೆ. ಪೂರ್ವ ಪ್ರಾಥಮಿಕದಿಂದ ಪಿ.ಯು.ವರೆಗೆ ಒಂದೇ ಆವರಣದಲ್ಲಿ ಕಲಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳೂ ಈ ದೃಷ್ಟಿಯಿಂದ ಅನುಕೂಲವೇ. ಆದರೆ ಅಂಥ ದೊಡ್ಡ ಶಾಲೆಗಾಗಿ ಹಳ್ಳಿಯ ಸಣ್ಣ ಶಾಲೆ ಮುಚ್ಚಿಹೋದರೆ ಮೇಲಿನ ಹಂತದ ದೂರದ ಸಮಸ್ಯೆ ಕೆಳಗಿನ ಹಂತಕ್ಕೆ ಇಳಿಯುತ್ತದೆ ಎಂಬುದನ್ನೂ ಗಮನದಲ್ಲಿ ಇಟ್ಟುಕೊಳ್ಳಬೇಕು.

ಹದಿನಾಲ್ಕು ಮತ್ತು ಹದಿನೆಂಟರ ನಡುವಿನ ನಾಲ್ಕು ವರ್ಷ

2002ರ ಸಂವಿಧಾನ ತಿದ್ದುಪಡಿಯಿಂದ ಸೇರಿದ 21ಎ ವಿಧಿ ಮತ್ತು 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ, 6ರಿಂದ 14 ವರ್ಷದ ಪ್ರತಿ ಮಗುವಿಗೂ ಎಂಟನೇ ತರಗತಿಯವರೆಗೆ ಉಚಿತ ಶಿಕ್ಷಣದ ಹಕ್ಕು ನೀಡಿವೆ. ‘ಕಡ್ಡಾಯ’ ಎಂಬ ಪದದ ಹೊಣೆ ಮುಖ್ಯವಾಗಿ ಸರ್ಕಾರದ್ದು. ಮಗುವನ್ನು ದಾಖಲು ಮಾಡಿಸಿ, ಶಾಲೆಗೆ ಬರುವಂತೆ ಮಾಡಿ, ಎಂಟು ಮುಗಿಸುವಂತೆ ನೋಡಿಕೊಳ್ಳುವುದು ಅದರ ಕರ್ತವ್ಯ. ಟಿ.ಸಿ. ತಡವಾಯಿತೆಂದು, ವಯಸ್ಸಿನ ದಾಖಲೆ ಇಲ್ಲವೆಂದು ಈ ಹಂತದಲ್ಲಿ ಪ್ರವೇಶ ನಿರಾಕರಿಸುವಂತಿಲ್ಲ.

ಇನ್ನೊಂದು ತುದಿಯಲ್ಲಿ, ಹೆಣ್ಣಿಗೆ ಹದಿನೆಂಟು ತುಂಬುವವರೆಗೆ ಮದುವೆ ಮಾಡುವಂತಿಲ್ಲ ಎಂದು ಬಾಲ್ಯವಿವಾಹ ನಿಷೇಧ ಕಾಯ್ದೆ ಹೇಳುತ್ತದೆ. ಈ ಎರಡು ಕಾನೂನುಗಳ ನಡುವೆ, ಹದಿನಾಲ್ಕರಿಂದ ಹದಿನೆಂಟರವರೆಗೆ, ನಾಲ್ಕು ವರ್ಷಗಳಿವೆ. ಈ ಅವಧಿಯಲ್ಲಿ ಶಾಲೆ ಕಾನೂನಿನ ಪ್ರಕಾರ ಕಡ್ಡಾಯವಲ್ಲ, ಮದುವೆ ಕಾನೂನಿನ ಪ್ರಕಾರ ಸಾಧ್ಯವಿಲ್ಲ. ಶಾಲೆ ಬಿಟ್ಟ ಹುಡುಗಿ ಈ ನಾಲ್ಕು ವರ್ಷ ಎಲ್ಲಿರುತ್ತಾಳೆ? ಹೊಲದಲ್ಲಿ, ಮಗ್ಗದ ಪಕ್ಕದಲ್ಲಿ, ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತಾ ಮನೆಯಲ್ಲಿ, ಅಥವಾ ಕಾನೂನಿನ ಕಣ್ಣು ತಪ್ಪಿಸಿ ಮಾಡಿದ ಮದುವೆಯಲ್ಲಿ.

ಇದಕ್ಕೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. 2006ರಲ್ಲಿ ರಾಜ್ಯದಲ್ಲಿ ಶುರುವಾದ ಭಾಗ್ಯಲಕ್ಷ್ಮಿ ಯೋಜನೆಯಲ್ಲಿ, ಬಡತನ ರೇಖೆಗಿಂತ ಕೆಳಗಿನ ಕುಟುಂಬದಲ್ಲಿ ಹುಟ್ಟಿದ ಹೆಣ್ಣುಮಗುವಿನ ಹೆಸರಿನಲ್ಲಿ ಸರ್ಕಾರ ಹಣ ತೊಡಗಿಸಿ ಬಾಂಡ್ ಕೊಟ್ಟಿತು. ಹದಿನೆಂಟು ತುಂಬುವ ಮೊದಲು ಮದುವೆಯಾಗಿರಬಾರದು, ಕನಿಷ್ಠ ಎಂಟನೇ ತರಗತಿಯವರೆಗೆ ಓದಿರಬೇಕು ಎಂಬ ಷರತ್ತುಗಳು ಅದರಲ್ಲಿದ್ದವು. 2008ರ ಆಗಸ್ಟ್ ನಂತರ ನೋಂದಣಿಯಾದ ಬಾಂಡುಗಳಿಗೆ ಹದಿನೆಂಟು ತುಂಬಿದಾಗ ಸುಮಾರು ಒಂದು ಲಕ್ಷ ರೂಪಾಯಿ ಸಿಗಬೇಕು. ಬಹಳಷ್ಟು ಮನೆಗಳಲ್ಲಿ ಹದಿನಾರರ ಮಗಳ ಮದುವೆಯ ಮಾತನ್ನು ಮುಂದೂಡಿದ ಕಾಗದ ಅದು. ಆದರೆ ಅದರ ಓದಿನ ಷರತ್ತು ಕೂಡ ಎಂಟಕ್ಕೇ ನಿಂತಿತ್ತು. ಹಳ್ಳಿಯ ಶಾಲೆ ಏಳಕ್ಕೋ ಎಂಟಕ್ಕೋ ಮುಗಿಯುತ್ತದೆ, ಕಡ್ಡಾಯ ಶಿಕ್ಷಣ ಎಂಟಕ್ಕೆ ಮುಗಿಯುತ್ತದೆ, ಬಾಂಡಿನ ಷರತ್ತೂ ಎಂಟಕ್ಕೆ ಮುಗಿಯುತ್ತದೆ. ಎಲ್ಲ ಊರುಗೋಲುಗಳೂ ಒಂದೇ ಜಾಗದಲ್ಲಿ ಕೈಬಿಡುತ್ತವೆ.

ಮನೆಯೊಳಗಿನ ಲೆಕ್ಕ

ಸರ್ಕಾರಿ ಶಾಲೆ ಉಚಿತ. ಪುಸ್ತಕ, ಸಮವಸ್ತ್ರ ಸಿಗುತ್ತವೆ. ಅಕ್ಷರ ದಾಸೋಹದ ಬಿಸಿಯೂಟ ಹತ್ತನೇ ತರಗತಿಯವರೆಗೂ ಇದೆ. ಹಾಗಿದ್ದೂ ಬಡ ಮನೆಗೆ ಓದು ಪೂರ್ತಿ ಉಚಿತವಾಗುವುದಿಲ್ಲ. ನೋಟ್‌ಬುಕ್ಕು, ಚಪ್ಪಲಿ, ಬಸ್ಸು, ಜಾಮಿಟ್ರಿ ಪೆಟ್ಟಿಗೆಗಳು ಕಣ್ಣಿಗೆ ಕಾಣುವ ಖರ್ಚು. ಕಾಣದ ಖರ್ಚು ಬೇರೆ ಇದೆ: ಹುಡುಗಿ ಶಾಲೆಯಲ್ಲಿ ಕುಳಿತ ಹೊತ್ತಿನಲ್ಲಿ ಮನೆಗೆ ತಪ್ಪಿಹೋಗುವ ಕೂಲಿ ಅಥವಾ ಕೆಲಸ.

ಈ ಕಾಣದ ಖರ್ಚು ನಮ್ಮ ಎರಡು ಜಿಲ್ಲೆಗಳಲ್ಲಿ ತಾಲ್ಲೂಕಿಗೊಂದು ರೂಪ ಪಡೆಯುತ್ತದೆ. ಚನ್ನಗಿರಿ ಕಡೆ ಅಡಿಕೆ ಕೊಯ್ಲಿನ ಕಾಲದಲ್ಲಿ ರಾತ್ರಿಯವರೆಗೂ ಅಡಿಕೆ ಸುಲಿಯುವ ಕೆಲಸ ನಡೆಯುತ್ತದೆ. ಸುಲಿದಷ್ಟಕ್ಕೆ ಲೆಕ್ಕ ಹಾಕಿ ಕೂಲಿ ಕೊಡುವುದರಿಂದ ತಾಯಿಯ ಪಕ್ಕ ಮಗಳೂ ಕತ್ತಿ ಹಿಡಿದು ಕೂತರೆ ಆ ದಿನದ ಕೈಸೇರುವ ದುಡ್ಡು ಹೆಚ್ಚುತ್ತದೆ. ಹಗಲು ಶಾಲೆ, ರಾತ್ರಿ ಹನ್ನೊಂದರವರೆಗೆ ಅಡಿಕೆ, ಮರುದಿನ ತರಗತಿಯಲ್ಲಿ ತೂಕಡಿಕೆ. ಇಂಥ ಹುಡುಗಿಯ ಹೆಸರು ಹಾಜರಿಯಲ್ಲಿ ಇರುತ್ತದೆ, ಕಲಿಕೆ ಮಾತ್ರ ಹಿಂದೆ ಬೀಳುತ್ತಾ ಹೋಗುತ್ತದೆ. ಮೊಳಕಾಲ್ಮುರಿನ ನೇಕಾರರ ಮನೆಯಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವವರು ಬೇಕು. ಭದ್ರಾ ಅಚ್ಚುಕಟ್ಟಿನಲ್ಲಿ ನಾಟಿಯ ದಿನಗಳಲ್ಲಿ ದೊಡ್ಡವರೆಲ್ಲ ಗದ್ದೆಗಿಳಿದರೆ ಮನೆಯಲ್ಲಿ ಕೂಸು ನೋಡಿಕೊಳ್ಳಲು ಉಳಿಯುವವಳು ದೊಡ್ಡ ಮಗಳು. ಜಗಳೂರಿನಲ್ಲಿ ಮಳೆ ಕೈಕೊಟ್ಟ ವರ್ಷ ಮೆಕ್ಕೆಜೋಳ ಕೈಗೆ ಬರುವುದಿಲ್ಲ, ಆ ವರ್ಷ ಮನೆಯವರು ಕತ್ತರಿಸುವ ಮೊದಲ ಖರ್ಚುಗಳ ಸಾಲಿನಲ್ಲಿ ಓದೂ ಇರುತ್ತದೆ.

ತಾಂಡಾಗಳಿಂದ ಚಿಕ್ಕಮಗಳೂರು ಮತ್ತು ಕೊಡಗಿನ ಕಾಫಿ ತೋಟಗಳಿಗೆ, ಕಬ್ಬು ಕಡಿಯಲು ಬೇರೆ ಕಡೆಗೆ ಗುಳೆ ಹೋಗುವ ಕುಟುಂಬಗಳದ್ದು ಇನ್ನೂ ಕಷ್ಟದ ಸ್ಥಿತಿ. ಕಾಫಿ ಕೊಯ್ಲು ನಡೆಯುವುದು ಚಳಿಗಾಲದಲ್ಲಿ, ಅಂದರೆ ಶಾಲಾ ವರ್ಷದ ಅತಿ ಮುಖ್ಯ ತಿಂಗಳುಗಳಲ್ಲಿ. ಗಂಡುಹುಡುಗನನ್ನು ಅಜ್ಜಿಯ ಬಳಿ ಬಿಟ್ಟು ಹೋಗುವ ತಂದೆತಾಯಿ ಹದಿಮೂರರ ಹುಡುಗಿಯನ್ನು ಹಾಗೆ ಬಿಡಲು ಹೆದರುತ್ತಾರೆ. ಇಂಥವರಿಗಾಗಿ ಶಿಕ್ಷಣ ಇಲಾಖೆಯ ಸಮಗ್ರ ಶಿಕ್ಷಣ ಕಾರ್ಯಕ್ರಮದಲ್ಲಿ, ಪೋಷಕರು ಗುಳೆ ಹೋದ ತಿಂಗಳುಗಳಲ್ಲಿ ಮಕ್ಕಳು ಊರಿನಲ್ಲೇ ಉಳಿದು ಓದಲು ತಾತ್ಕಾಲಿಕ ವಸತಿ ಕೇಂದ್ರ ತೆರೆಯಲು ಅವಕಾಶವಿದೆ. ಹೊರಡುವ ಮೊದಲೇ ಮುಖ್ಯ ಶಿಕ್ಷಕರಿಗೆ ತಿಳಿಸಿದರೆ ಇದನ್ನು ಕೇಳಬಹುದು. ಹೋದ ಊರಿನ ಶಾಲೆಗೆ ಮಗುವನ್ನು ಕಳುಹಿಸಲೂ ಬರುತ್ತದೆ. ವಿದ್ಯಾರ್ಥಿಯ ವಿವರ ‘ಸ್ಯಾಟ್ಸ್’ ಎಂಬ ಗಣಕ ದಾಖಲೆಯಲ್ಲಿ ಒಂದು ಸಂಖ್ಯೆಯ ಅಡಿ ಇರುವುದರಿಂದ ಆ ಸಂಖ್ಯೆಯನ್ನು ಪೋಷಕರು ಬರೆದಿಟ್ಟುಕೊಂಡರೆ ಎಲ್ಲಿ ಹೋದರೂ ಮಗುವಿನ ದಾಖಲೆ ಹುಡುಕುವುದು ಸುಲಭ.

ದಾರಿ ಮತ್ತು ಬಸ್ಸು

2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳು ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲದೆ ಪ್ರಯಾಣಿಸಬಹುದು. ಹೈಸ್ಕೂಲು, ಕಾಲೇಜಿನ ಹುಡುಗಿಯರಿಗೆ ಇದು ದೊಡ್ಡ ಆಸರೆ. ಆದರೆ ಚಿತ್ರದುರ್ಗ, ದಾವಣಗೆರೆ ಭಾಗದ ಬಹಳಷ್ಟು ಹಳ್ಳಿಗಳ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸುಗಳು, ಅವುಗಳಲ್ಲಿ ಶಕ್ತಿ ಯೋಜನೆ ನಡೆಯುವುದಿಲ್ಲ. ಹೀಗಾಗಿ ಒಂದೇ ತರಗತಿಯಲ್ಲಿ ಅಕ್ಕಪಕ್ಕ ಕೂರುವ ಇಬ್ಬರು ಹುಡುಗಿಯರಲ್ಲಿ, ಹೆದ್ದಾರಿ ಬದಿಯ ಊರಿನವಳಿಗೆ ಪ್ರಯಾಣ ಉಚಿತ, ಒಳಗಿನ ಊರಿನವಳಿಗೆ ದಿನವೂ ದುಡ್ಡು ಬೇಕು. ಜಗಳೂರಿನ ಆ ತಾಯಿಯ ಚಿಂತೆ ಇದೇ ಆಗಿತ್ತು. ಬಸ್ಸಿನ ಹೊತ್ತು ಶಾಲೆಯ ಹೊತ್ತಿಗೆ ಹೊಂದದಿದ್ದರೆ ಉಚಿತ ಟಿಕೆಟ್ಟಿನಿಂದಲೂ ಪ್ರಯೋಜನವಿಲ್ಲ. ಬೆಳಿಗ್ಗೆ ಎಂಟಕ್ಕೆ ಹೋಗುವ ಒಂದೇ ಬಸ್ಸು ತಪ್ಪಿದರೆ ಆ ದಿನದ ಪಾಠವೇ ತಪ್ಪುತ್ತದೆ.

ಈ ದೂರದ ಸಮಸ್ಯೆಗೆ ಸೈಕಲ್ ಎಷ್ಟರ ಮಟ್ಟಿಗೆ ಪರಿಹಾರ ಎಂಬುದನ್ನು ಅಳೆದು ನೋಡಿದವರಿದ್ದಾರೆ. ಬಿಹಾರದಲ್ಲಿ 2006ರಿಂದ ಒಂಬತ್ತನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಡಲಾಯಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅದನ್ನು ಅಧ್ಯಯನ ಮಾಡಿದಾಗ, ಪ್ರೌಢಶಾಲೆಯಲ್ಲಿ ವಯಸ್ಸಿಗೆ ತಕ್ಕ ತರಗತಿಗೆ ದಾಖಲಾದ ಹುಡುಗಿಯರ ಪ್ರಮಾಣ ಶೇ 32ರಷ್ಟು ಹೆಚ್ಚಿತ್ತು. ಹೆಚ್ಚಳ ಕಂಡದ್ದು ಮುಖ್ಯವಾಗಿ ಹೈಸ್ಕೂಲು ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲಿ. ಕರ್ನಾಟಕದಲ್ಲೂ 2006–07ರಿಂದ ಎಂಟನೇ ತರಗತಿಯವರಿಗೆ, ಅಂದರೆ ಸರಿಯಾಗಿ ಜಾಯಿಂಟಿನ ಜಾಗದಲ್ಲೇ, ಸೈಕಲ್ ಕೊಡಲಾಗುತ್ತಿತ್ತು; ಕೋವಿಡ್ ಕಾಲದಲ್ಲಿ ವಿತರಣೆ ನಿಂತಿತು. ಸಾಲಾಗಿ ಸೈಕಲ್ ತುಳಿಯುತ್ತಾ ಹೋಗುತ್ತಿದ್ದ ಹುಡುಗಿಯರ ಗುಂಪು ಊರಿನವರ ಕಣ್ಣಿಗೆ ಸಹಜ ದೃಶ್ಯವಾಗಿತ್ತು, ಮತ್ತು ಆ ಸಹಜತೆಯೇ ಅವರಿಗೆ ಕಾವಲಾಗಿತ್ತು ಎಂದು ನನಗೆ ಅನ್ನಿಸುತ್ತದೆ.

ತಿಂಗಳ ನಾಲ್ಕು ದಿನ

ಇದು ಮನೆಗಳಲ್ಲಿ ತಗ್ಗಿದ ದನಿಯಲ್ಲಿ ಮಾತಾಡುವ ವಿಷಯವಾದ್ದರಿಂದ ಅದರ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಮುಟ್ಟಿನ ನಾಲ್ಕು ದಿನ ಹುಡುಗಿ ಶಾಲೆಗೆ ಬಾರದಿದ್ದರೆ, ಹತ್ತು ತಿಂಗಳ ಶಾಲಾ ವರ್ಷದಲ್ಲಿ ಹೆಚ್ಚೆಂದರೆ 40 ದಿನ ತಪ್ಪುತ್ತದೆ. ಆರರಿಂದ ಎಂಟನೇ ತರಗತಿಗೆ ಕಾಯ್ದೆ ನಿಗದಿ ಮಾಡಿರುವ ಕನಿಷ್ಠ ಕೆಲಸದ ದಿನಗಳು 220. ಐದು ದಿನದ ಪಾಠದಲ್ಲಿ ಹತ್ತಿರ ಹತ್ತಿರ ಒಂದು ದಿನದ್ದು ಅವಳಿಗೆ ಸಿಗುವುದಿಲ್ಲ. ಬುದ್ಧಿವಂತೆಯಾಗಿದ್ದವಳು ಹೈಸ್ಕೂಲಿಗೆ ಬಂದ ಮೇಲೆ ಗಣಿತದಲ್ಲಿ ಹಿಂದೆ ಬಿದ್ದಳು ಎಂದು ಹೇಳುವಾಗ ಈ ಲೆಕ್ಕವನ್ನೂ ನೆನೆಯಬೇಕು.

ಬಾರದಿರಲು ಕಾರಣ ಹಲವು ಬಾರಿ ಬಹಳ ಸರಳ: ಶೌಚಾಲಯವಿದೆ, ನೀರಿಲ್ಲ, ಬಾಗಿಲಿದೆ, ಒಳಗಿನ ಚಿಲಕವಿಲ್ಲ. ಹುಡುಗ ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯ ಇರಲೇಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಇದೆ. ಹದಿಹರೆಯದವರಿಗೆ ಸ್ಯಾನಿಟರಿ ಪ್ಯಾಡ್ ಕೊಡುವ ರಾಜ್ಯದ ‘ಶುಚಿ’ ಯೋಜನೆ ಕೆಲವು ವರ್ಷ ನಿಂತು, 2024ರಲ್ಲಿ ಮತ್ತೆ ಶುರುವಾಯಿತು. ಚಿತ್ರದುರ್ಗ ಸೀಮೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರು ಹಟ್ಟಿಯ ಹೊರಗೆ ಉಳಿಯುವ ಪದ್ಧತಿ ಇನ್ನೂ ಪೂರ್ತಿ ಅಳಿದಿಲ್ಲ. ಅಲ್ಲಿ ಹುಡುಗಿಗೆ ನೀರು, ಚಿಲಕದ ಜೊತೆಗೆ ಹಿರಿಯರ ಒಪ್ಪಿಗೆಯೂ ಬೇಕಾಗುತ್ತದೆ. ಹಟ್ಟಿಯ ಒಳಗಿನ ಓದಿದ ಹೆಣ್ಣುಮಕ್ಕಳು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಕೂತು ಮಾತಾಡಿದ ಕಡೆ ಆ ದಿನಗಳಲ್ಲೂ ಹುಡುಗಿಯರು ಶಾಲೆಗೆ ಬರತೊಡಗುತ್ತಾರೆ. ಹೊರಗಿನಿಂದ ಬಂದು ಬೈದವರಿಂದ ಅಂಥ ಬದಲಾವಣೆ ಆಗುವುದು ಅಪರೂಪ.

ಪರೀಕ್ಷೆ ಮತ್ತು ಫಲಿತಾಂಶದ ನಡುವೆ ಬರುವ ಮದುವೆ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ, ಕರ್ನಾಟಕದಲ್ಲಿ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ 21.3ರಷ್ಟು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುವ ಹೊತ್ತಿಗೂ ಮದುವೆಯ ಕಾಲಕ್ಕೂ ಇರುವ ನಂಟನ್ನು ಗಮನಿಸಿ. ಪರೀಕ್ಷೆ ಮಾರ್ಚ್–ಏಪ್ರಿಲ್‌ನಲ್ಲಿ ಮುಗಿಯುತ್ತದೆ; ಅಕ್ಷಯ ತೃತೀಯ ಏಪ್ರಿಲ್–ಮೇ ತಿಂಗಳಲ್ಲಿ ಬರುತ್ತದೆ; ಶಾಲೆ ಬೇಸಿಗೆ ರಜೆಯಲ್ಲಿರುತ್ತದೆ, ಹುಡುಗಿ ಎಲ್ಲಿ ಎಂದು ಕೇಳುವ ಶಿಕ್ಷಕರು ಊರಿನಲ್ಲಿರುವುದಿಲ್ಲ. ಬಾಲ್ಯವಿವಾಹ ನಿಷೇಧ ಕಾಯ್ದೆಯೇ ಅಕ್ಷಯ ತೃತೀಯದ ಹೆಸರು ಹೇಳಿ, ಅಂಥ ದಿನಗಳಲ್ಲಿ ಸಾಮೂಹಿಕ ಬಾಲ್ಯವಿವಾಹ ತಡೆಯುವ ಅಧಿಕಾರವನ್ನು ಜಿಲ್ಲಾಧಿಕಾರಿಗೆ ಕೊಟ್ಟಿದೆ.

ಕರ್ನಾಟಕದ ಕಾನೂನು ಇನ್ನೂ ಒಂದು ಹೆಜ್ಜೆ ಮುಂದಿದೆ. ಕೇಂದ್ರ ಕಾಯ್ದೆಯಲ್ಲಿ ಬಾಲ್ಯವಿವಾಹವನ್ನು ಮದುವೆಯಾದವರೇ ಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು, ಅಲ್ಲಿಯವರೆಗೆ ಅದು ಉಳಿದಿರುತ್ತದೆ. 2016ರ ರಾಜ್ಯ ತಿದ್ದುಪಡಿಯ ಪ್ರಕಾರ ನಮ್ಮಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಶೂನ್ಯ, ಅಂದರೆ ಕಾನೂನಿನ ಕಣ್ಣಿಗೆ ಆ ಮದುವೆ ನಡೆದೇ ಇಲ್ಲ. ತಡೆಯುವ ಹೊಣೆ ಪೊಲೀಸರದ್ದಷ್ಟೇ ಅಲ್ಲ. ತಹಶೀಲ್ದಾರ್, ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿ.ಡಿ.ಒ.) ಮುಂತಾದವರನ್ನು ಬಾಲ್ಯವಿವಾಹ ನಿಷೇಧಾಧಿಕಾರಿಗಳೆಂದು ಹೆಸರಿಸಲಾಗಿದೆ. ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ, ಹುಡುಗಿಯೇ ಕೂಡ, ಹೆಸರು ಹೇಳದೆ ಕರೆ ಮಾಡಬಹುದು.

ಮದುವೆ ನಿಂತ ಮರುದಿನದಿಂದ ಏನಾಗುತ್ತದೆ ಎಂಬುದು ಅಷ್ಟೇ ಮುಖ್ಯ. ಮಂಟಪದಿಂದ ಮನೆಗೆ ಮರಳಿದ ಹುಡುಗಿಗೆ ಓದಿನ ದಾರಿ ಕೂಡಲೇ ತೆರೆಯದಿದ್ದರೆ ಆರು ತಿಂಗಳಲ್ಲಿ ಬೇರೆ ಊರಿನಲ್ಲಿ ಅದೇ ಮದುವೆ ನಡೆಯುವ ಅಪಾಯವಿರುತ್ತದೆ. ಅಂಥ ಹುಡುಗಿಯ ಹಾಸ್ಟೆಲ್, ಕಾಲೇಜಿನ ವ್ಯವಸ್ಥೆಯ ಬಗ್ಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯನ್ನು ಕೇಳಬಹುದು, ಕೇಳಲೇಬೇಕು.

ಹತ್ತರ ನಂತರ: ಸೋತವರಿಗೂ ಗೆದ್ದವರಿಗೂ ಇರುವ ದಾರಿ

ಎಸ್ಸೆಸ್ಸೆಲ್ಸಿಯಲ್ಲಿ ಒಂದೆರಡು ವಿಷಯ ಹೋದರೆ ಗಂಡುಹುಡುಗನಿಗೆ “ಇನ್ನೊಂದ್ಸಲ ಕಟ್ಟು” ಎನ್ನುವ ಮನೆ, ಹೆಣ್ಣುಹುಡುಗಿಗೆ “ಸಾಕು ಬಿಡು” ಎನ್ನುವುದು ಹೆಚ್ಚು. ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲನೆಯದರಲ್ಲಿ ಹೋದ ವಿಷಯವನ್ನು ಕೆಲವೇ ವಾರಗಳಲ್ಲಿ ಎರಡನೆಯದರಲ್ಲಿ ಬರೆಯಬಹುದು. ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಪಾಸಾದರೆ ಅದೇ ವರ್ಷ ಪಿ.ಯು. ಸೇರಲು ಅವಕಾಶವಿರುತ್ತದೆ. ಫಲಿತಾಂಶ ಬಂದ ದಿನ ಅಳುತ್ತಾ ಕೂತ ಹುಡುಗಿಯ ಮನೆಗೆ ಅದೇ ವಾರ ಯಾರಾದರೂ ಹೋಗಿ ಇಷ್ಟನ್ನು ಹೇಳಿದರೆ ಒಂದು ವರ್ಷ ಉಳಿಯುತ್ತದೆ, ಎಷ್ಟೋ ಬಾರಿ ಓದೇ ಉಳಿಯುತ್ತದೆ. ಶಾಲೆ ಬಿಟ್ಟು ಬಹಳ ವರ್ಷವಾದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಅಥವಾ ಖಾಸಗಿ ಅಭ್ಯರ್ಥಿಯಾಗಿ ಹತ್ತನೇ ತರಗತಿಯ ಪರೀಕ್ಷೆ ಬರೆಯುವ ದಾರಿಯಿದೆ.

ಪಾಸಾದವರಿಗೆ ವಸತಿಯೇ ದೊಡ್ಡ ಪ್ರಶ್ನೆ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗಳ ಮೆಟ್ರಿಕ್ ನಂತರದ ಬಾಲಕಿಯರ ಹಾಸ್ಟೆಲುಗಳಿಗೆ ಆನ್‌ಲೈನ್ ಅರ್ಜಿ ಹಾಕಬೇಕು. ಕೊನೆಯ ದಿನಾಂಕ ಪಿ.ಯು. ದಾಖಲಾತಿಯ ಗಡಿಬಿಡಿಯಲ್ಲೇ ಬಂದುಹೋಗುತ್ತದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ‘ವಿದ್ಯಾಸಿರಿ’ ಯೋಜನೆಯಲ್ಲಿ ಊಟ, ವಸತಿಗೆಂದು ಹತ್ತು ತಿಂಗಳ ನೆರವಿದೆ. ವಿದ್ಯಾರ್ಥಿವೇತನಗಳ ಅರ್ಜಿ ಎಸ್.ಎಸ್.ಪಿ. ಎಂಬ ಒಂದೇ ಜಾಲತಾಣದಲ್ಲಿ. ಇವೆಲ್ಲಕ್ಕೂ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಬೇಕು. ಆಧಾರಿನಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಇನ್ನೊಂದು ರೀತಿ ಬರೆದ ಹೆಸರಿನಿಂದಾಗಿ ನಿಂತುಹೋದ ಅರ್ಜಿಗಳು ಎಷ್ಟೋ. ಹಾಗಾಗಿ ಒಂಬತ್ತನೇ ತರಗತಿಯಲ್ಲಿರುವಾಗಲೇ ಹೆಸರು ಮತ್ತು ಜನ್ಮದಿನಾಂಕವನ್ನು ಹೊಂದಿಸಿಕೊಳ್ಳುವುದು ಕ್ಷೇಮ. ಮುಂದೆ ಪದವಿ ಅಥವಾ ಡಿಪ್ಲೊಮಾ ಸೇರುವ, ಹತ್ತು ಮತ್ತು ಹನ್ನೆರಡನ್ನು ಸರ್ಕಾರಿ ಶಾಲೆ ಕಾಲೇಜುಗಳಲ್ಲಿ ಮುಗಿಸಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿಯ ವಿದ್ಯಾರ್ಥಿವೇತನ ಕೊಡುತ್ತಿದೆ. ಪದವಿಯ ನಂತರ ಓದುವವರಿಗೆ ದಾವಣಗೆರೆ ವಿಶ್ವವಿದ್ಯಾನಿಲಯ ತೋಳಹುಣಸೆಯಲ್ಲಿದೆ, ಅದರ ಸ್ನಾತಕೋತ್ತರ ಕೇಂದ್ರ ಚಿತ್ರದುರ್ಗದ ಬಳಿಯೇ ಇದೆ.

ಪಿ.ಯು. ಮುಗಿಸುವುದರಿಂದ ಏನು ಸಿಗುತ್ತದೆ ಎಂದು ಕೇಳುವ ತಂದೆಗೆ ಊರಿನಲ್ಲೇ ಕಾಣುವ ಉತ್ತರ ಕೊಡಬಹುದು. ಗ್ರಾಮ ಆಡಳಿತಾಧಿಕಾರಿ, ಸಿವಿಲ್ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗಳ ಅರ್ಜಿಗೆ ಪಿ.ಯು.ಸಿ. ಬೇಕು, ನರ್ಸಿಂಗ್ ತರಬೇತಿಗೂ ಅದೇ ಬೇಕು.

ಗೈರುಹಾಜರಾದ ಹುಡುಗಿಗಾಗಿ ಯಾರನ್ನು ಕೇಳಬೇಕು

ಪಕ್ಕದ ಮನೆಯ ಹುಡುಗಿ ವಾರದಿಂದ ಶಾಲೆಗೆ ಹೋಗುತ್ತಿಲ್ಲ ಎಂದು ಕಂಡರೆ ಮೊದಲು ಹೇಳಬೇಕಾದದ್ದು ತರಗತಿಯ ಶಿಕ್ಷಕರಿಗೆ ಅಥವಾ ಮುಖ್ಯ ಶಿಕ್ಷಕರಿಗೆ. ಅಲ್ಲಿ ಕೆಲಸವಾಗದಿದ್ದರೆ ಪೋಷಕರೇ ಹೆಚ್ಚಾಗಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್.ಡಿ.ಎಂ.ಸಿ.), ಅದರ ಮೇಲೆ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ. ಬಹಳ ದಿನ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು, ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕೆಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ; ಹನ್ನೆರಡರ ಹುಡುಗಿಯನ್ನು ಮೂರನೇ ತರಗತಿಯ ಚಿಕ್ಕ ಮಕ್ಕಳ ಜೊತೆ ಕೂರಿಸಿ ನಾಚಿಸುವ ಅಗತ್ಯವಿಲ್ಲ. ಬಸ್ಸಿನ ಹೊತ್ತು, ಶೌಚಾಲಯದ ನೀರು, ದಾರಿಯ ಬೀದಿದೀಪಗಳಂಥ ವಿಷಯಕ್ಕೆ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಯಿದೆ; ಅಲ್ಲಿ ಹುಡುಗಿಯರೇ ಎದ್ದು ನಿಂತು ಕೇಳಬಹುದು, ಕೇಳಿದ್ದನ್ನು ನಡಾವಳಿಯಲ್ಲಿ ಬರೆಸಬಹುದು.

ಆ ದಿನ ಜಗಳೂರಿನ ಹಳ್ಳಿಯಲ್ಲಿ ಶಿಕ್ಷಕಿ ಪಟ್ಟಿಯಲ್ಲಿ ಏನನ್ನೂ ಬರೆಯದೆ, ಆ ತಾಯಿಯನ್ನು ಕರೆದುಕೊಂಡು ಅದೇ ಓಣಿಯ ಇನ್ನೆರಡು ಮನೆಗೆ ಹೋದರು. ಅಲ್ಲಿಯೂ ಒಬ್ಬೊಬ್ಬ ಹುಡುಗಿ ಎಂಟಕ್ಕೆ ಹೋಗಬೇಕಿತ್ತು, ಅಲ್ಲಿಯೂ ಟಿ.ಸಿ. ಗೂಡಿನಲ್ಲೇ ಇತ್ತು. ಸರ್ಕಾರಿ ಬಸ್ಸು ನಿಲ್ಲುವ ಕ್ರಾಸಿನವರೆಗೆ ಮೂವರೂ ಒಟ್ಟಿಗೆ ನಡೆದುಹೋಗುವುದು, ಸಂಜೆ ಮೂರು ಮನೆಯವರಲ್ಲಿ ಸರದಿಯಂತೆ ಒಬ್ಬರು ಕ್ರಾಸಿಗೆ ಬಂದು ಕರೆದೊಯ್ಯುವುದು ಎಂದು ಜಗಲಿಯ ಮೇಲೇ ಮಾತಾಯಿತು. ಶಾಲೆ ತಲುಪಿದ ಮೇಲೆ ಶಿಕ್ಷಕಿ ಪ್ರೌಢಶಾಲೆಗೆ ಫೋನ್ ಮಾಡಿ ಮೂರು ಹೆಸರು ಬರೆಸಿದರು. ಎಂಟನೆಯ ದಿನ ಮತ್ತೆ ಫೋನ್ ಮಾಡಿ, ಮೂವರೂ ಹಾಜರಿದ್ದಾರೆಯೇ ಎಂದು ಕೇಳಿದರು.